ವ್ಯಾಯಾಮವೂ ಆಯುರಾರೋಗ್ಯವೂ

ರಾಯಚೂರು ಜಿಲ್ಲೆಯ ಸಿಂಧನೂರು ಇಂದು ಭತ್ತದ ಬೆಳೆಗೆ ಹೆಸರಾದ ಊರು. ಹಿಂದೆ ಈ ಸೀಮೆಯ ಜನರು ಮಳೆಯನ್ನೇ ನಂಬಿ ಜೋಳ, ಸಜ್ಜೆಗಳನ್ನು ಬೆಳೆಯುತ್ತಿದ್ದರು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಪೂರ್ಣಗೊಂಡಿತು. ಎಡದಂಡೆ ಕಾಲುವೆಯ ನೀರು ಕ್ರಮೇಣ ಇಲ್ಲಿಯ ನೆಲವನ್ನು ಮುಟ್ಟಿ, ಹೊಲಗಳು ಗದ್ದೆಗಳಾದುವು. ನೀರಿನ ಬೆನ್ನಿಗೇ ಯಂತ್ರಗಳೂ ಬಂದುವು. ಎತ್ತುಗಳ ಹಿಂದೆ ಹಗಲೆಲ್ಲ ನಡೆಯುತ್ತಿದ್ದ ರೈತನು ಟ್ರ್ಯಾಕ್ಟರಿನ ಮೇಲೆ ಕುಳಿತನು. ಕುಡುಗೋಲಿನ ಕೆಲಸವನ್ನು ಕಟಾವಿನ ಯಂತ್ರವೂ ಬೀಸುವ ಕಲ್ಲಿನ ಕೆಲಸವನ್ನು ಹಿಟ್ಟಿನ ಗಿರಣಿಯೂ ವಹಿಸಿಕೊಂಡುವು. ಸಂತೆಗೆ ನಡೆದು ಹೋಗುತ್ತಿದ್ದವರು ಮೋಟಾರು ಸೈಕಲ್ಲನ್ನೇರಿದರು.

ಈ ಬದಲಾವಣೆಯನ್ನು ಹಳಿಯುವುದು ಸಲ್ಲದು. ಕೋಳಿ ಕೂಗುವ ಮುನ್ನವೇ ಎದ್ದು ಹಿಟ್ಟು ಬೀಸುತ್ತಿದ್ದ ಅಜ್ಜಿಯ ಬವಣೆ ಮರಳಿ ಬರಲೆಂದು ಯಾರೂ ಬಯಸಲಾರರು. ಆದರೆ ಬವಣೆಯೊಡನೆ ಇನ್ನೊಂದು ವಸ್ತುವೂ ನಮ್ಮ ಮನೆಗಳಿಂದ ಹೊರಟುಹೋಯಿತು. ಅದೇ ದೇಹದ ಚಲನೆ. ಪಟ್ಟಣಿಗರ ಬೇನೆಗಳೆನಿಸಿಕೊಂಡಿದ್ದ ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳು ಇಂದು ಹಳ್ಳಿಗಳಲ್ಲಿಯೂ ಕಾಣಿಸಿಕೊಂಡಿವೆ. ಇದಕ್ಕೆ ಆಹಾರ, ತಂಬಾಕು ಮೊದಲಾದ ಬೇರೆ ಕಾರಣಗಳೂ ಉಂಟು. ಚಲನೆಯ ಕೊರತೆ ಅವುಗಳಲ್ಲಿ ಮುಖ್ಯವಾದುದು.

ಚಲನೆಗೆ ಇಷ್ಟೊಂದು ಮಹತ್ವವಿದೆಯೆ? ತುಂಗಭದ್ರೆಯ ಅಣೆಕಟ್ಟು ಪೂರ್ಣಗೊಂಡ ಅದೇ 1953ರಲ್ಲಿ ಇಂಗ್ಲೆಂಡಿನ ವೈದ್ಯ ಜೆರ‍್ರಿ ಮಾರಿಸ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಲಂಡನ್ ನಗರದ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕರು ದಿನವಿಡೀ ಕುಳಿತಿರುತ್ತಿದ್ದರು. ನಿರ್ವಾಹಕರು ಟಿಕೆಟು ಕೊಡುತ್ತ ದಿನವೂ ನೂರಾರು ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ಒಂದೇ ಬಸ್ಸು, ಒಂದೇ ಊರು. ಆದರೂ ಹೃದಯಾಘಾತ ನಿರ್ವಾಹಕರಿಗಿಂತ ಚಾಲಕರಲ್ಲಿ ಹೆಚ್ಚಾಗಿತ್ತು. ಅನಂತರ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳು ಈ ಮಾತನ್ನು ಸಮರ್ಥಿಸಿವೆ. ಸ್ವತಃ ವ್ಯಾಯಾಮವನ್ನು ರೂಢಿಸಿಕೊಂಡಿದ್ದ ಮಾರಿಸ್ 99 ವರ್ಷ ಬಾಳಿದರು.

ಇದರ ಗುಟ್ಟು ದೇಹದ ರಚನೆಯಲ್ಲಿಯೇ ಇದೆ. ಹೃದಯವೂ ಒಂದು ಸ್ನಾಯು. ಕ್ರಮವಾದ ವ್ಯಾಯಾಮದಿಂದ ಅದು ಬಲಗೊಂಡು, ಒಂದೊಂದು ಬಡಿತದಲ್ಲಿಯೂ ಹೆಚ್ಚು ರಕ್ತವನ್ನು ನೂಕುತ್ತದೆ. ವಿಶ್ರಾಂತಿಯ ವೇಳೆಯಲ್ಲಿ ಕಡಮೆ ಬಡಿತಗಳೇ ಸಾಕಾಗುತ್ತವೆ. ದುಡಿಯುವ ಸ್ನಾಯುಗಳು ರಕ್ತದೊಳಗಿನ ಸಕ್ಕರೆಯನ್ನು ಹೀರಿ ಬಳಸುತ್ತವೆ. ಭಾರ ಹೊತ್ತ ಎಲುಬು ಗಟ್ಟಿಯಾಗುತ್ತದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಹಣಕ್ಕೆ ಮಾತ್ರವಲ್ಲ, ದೇಹಬಲಕ್ಕೂ ಅನ್ವಯಿಸುತ್ತದೆ.

ಆದರೆ ದುಡಿಮೆಯೆಲ್ಲವೂ ವ್ಯಾಯಾಮವಲ್ಲ. ಕೆಸರುಗದ್ದೆಯಲ್ಲಿ ಹಗಲೆಲ್ಲ ಬಾಗಿ ಸಸಿ ನಾಟಿ ಮಾಡುವ ಕೂಲಿ ಹೆಂಗಸಿಗೆ ನಡಿಗೆಯ ಉಪದೇಶ ಮಾಡುವುದು ಅವಿವೇಕ. ಅವಳಿಗೆ ಬೇಕಾದುದು ಹೊಟ್ಟೆ ತುಂಬ ಅನ್ನ, ನಡುವಿಗೆ ವಿಶ್ರಾಂತಿ. ದುಡಿಮೆ ದೇಹದ ಶಕ್ತಿಯನ್ನು ಬಸಿದುಕೊಳ್ಳಬಹುದು. ಹಿತಮಿತವಾದ ವ್ಯಾಯಾಮ ಅದನ್ನು ಬೆಳೆಸುತ್ತದೆ. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ವ್ಯಾಯಾಮ ನಮಗೆ ಹೊಸತಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಗರಡಿಮನೆಗಳಿದ್ದುವು. ಕೆಮ್ಮಣ್ಣಿನ ಮಟ್ಟಿಯಲ್ಲಿ ತರುಣರು ಸಾಮು ಮಾಡುತ್ತಿದ್ದರು. ಹಬ್ಬಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ಪಂದ್ಯಗಳು ನಡೆಯುತ್ತಿದ್ದುವು. ನಾಗರ ಪಂಚಮಿಯಂದು ಹೆಣ್ಣುಮಕ್ಕಳು ಜೋಕಾಲಿಯನ್ನು ಮುಗಿಲೆತ್ತರಕ್ಕೆ ಜೀಕುತ್ತಾರೆ. ಆದರೆ ಹಬ್ಬ ಕಳೆದ ಮೇಲೆ, ದೊಡ್ಡವಳಾದಳೆಂಬ ಕಾರಣಕ್ಕೆ ಎಷ್ಟೋ ಹುಡುಗಿಯರನ್ನು ಆಟದ ಬಯಲಿನಿಂದ ದೂರವಿಡುತ್ತೇವೆ. ಎಲುಬು ಗಟ್ಟಿಗೊಳ್ಳುವ ವಯಸ್ಸಿನಲ್ಲಿಯೇ ಹೀಗೆ ಮಾಡುವುದು ಆಕೆಯ ಮುಂದಿನ ಬಾಳಿಗೆ ಬಗೆಯುವ ಅನ್ಯಾಯ.

ಮೈ ಅಶಕ್ತವಾಗಿದೆಯೆಂದು ಎದೆಗುಂದಬೇಕಾಗಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯ, ಕ್ಷಯಗಳಿಂದ ನರಳಿದರು. ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರಿಂದ ಯೋಗಾಸನಗಳನ್ನು ಕಲಿತು, ಬಿಡದೆ ಅಭ್ಯಾಸ ಮಾಡಿ, ಲೋಕಪ್ರಸಿದ್ಧ ಯೋಗಗುರುಗಳಾಗಿ 95 ವರ್ಷ ಬದುಕಿದರು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ, ಶಾಲಾ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಲನೆ ಅಗತ್ಯ. ವಯಸ್ಕರಿಗೆ ವಾರಕ್ಕೆ ಕಡಮೆಯೆಂದರೆ 150 ನಿಮಿಷಗಳ ಬಿರುನಡಿಗೆಯಂತಹ ಚಟುವಟಿಕೆ ಬೇಕು. ರಾಯಚೂರು ಸೀಮೆಯ ಬೇಸಗೆ ಉಗ್ರವಾದುದು. ಆಗ ಬೆಳಗಿನ ತಂಪು ಹೊತ್ತೇ ಇದಕ್ಕೆ ತಕ್ಕ ಸಮಯ. ಕಾಯಿಲೆಯುಳ್ಳವರು ವೈದ್ಯರನ್ನು ಕೇಳಿ ತೊಡಗುವುದು ಲೇಸು.

ವ್ಯಾಯಾಮ ಮಾಡಿದವರೆಲ್ಲರೂ ನೂರು ವರ್ಷ ಬಾಳುವರೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೆ ರೋಗದ ಭಯ ಕಡಮೆಯಾಗುತ್ತದೆ. ಮುಪ್ಪಿನಲ್ಲಿಯೂ ಪರರ ಕೈ ಹಿಡಿಯದೆ ನಡೆಯುವ ಬಲ ಉಳಿಯುತ್ತದೆ. ಒಂದು ದಿನ ಹೊಳೆಯಂತೆ ನುಗ್ಗಿ ಮರುದಿನ ಬತ್ತಿಹೋಗುವ ನೀರಿನಿಂದ ಭತ್ತ ಬೆಳೆಯದೆಂಬುದನ್ನು ಕಾಲುವೆಯ ಕೊನೆಯ ರೈತನು ಚೆನ್ನಾಗಿ ಬಲ್ಲನು. ಸ್ವಲ್ಪವಾದರೂ ತಪ್ಪದೆ ಹರಿದು ಬರುವ ನೀರೇ ಪೈರನ್ನು ಕಾಯುತ್ತದೆ. ವ್ಯಾಯಾಮವೂ ಹಾಗೆಯೇ.