ಎರಡು ದೇಶ, ಒಂದೇ ಉದ್ಯಾನ

ನೈಸೆ ದೊಡ್ಡ ನದಿಯೇನಲ್ಲ. ಈ ದಡದಲ್ಲಿ ನಿಂತು ಕೂಗಿದರೆ ಆ ದಡದವರು ತಿರುಗಿ ನೋಡುವಷ್ಟೇ ಅದರ ಅಗಲ. ಬಾಡ್ ಮುಸ್ಕಾವ್ ಎಂಬ ಪುಟ್ಟ ಊರಿನ ಅರಮನೆಯಿಂದ ಹುಲ್ಲುಗಾವಲು ದಾಟಿ ನಡೆದರೆ ಹೊಳೆಯಂಚಿನಲ್ಲಿ ಒಂದು ಕಂಬ ಸಿಗುತ್ತದೆ. ಅದರ ಮೇಲೆ ಕಪ್ಪು, ಕೆಂಪು, ಹೊಂಬಣ್ಣದ ಪಟ್ಟೆಗಳು. ಎದುರು ದಡದಲ್ಲಿ ಬಿಳಿ-ಕೆಂಪಿನ ಇನ್ನೊಂದು ಕಂಬ. ಈಚೆ ಜರ್ಮನಿ, ಆಚೆ ಪೋಲೆಂಡ್. ಕಂಬಗಳನ್ನು ಬಿಟ್ಟರೆ ಎರಡು ದಡಗಳಿಗೂ ವ್ಯತ್ಯಾಸ ಹೇಳುವುದು ಕಷ್ಟ. ಅವೇ ಓಕ್ ಮರಗಳು, ಅವೇ ಬಳುಕುವ ಕಾಲುದಾರಿಗಳು.

ಕಷ್ಟವಾಗಲೇಬೇಕು, ಯಾಕೆಂದರೆ ಎರಡನ್ನೂ ಒಂದೇ ಕೈ ರೂಪಿಸಿದ್ದು.

ಕನ್ನಡದಲ್ಲಿ ತೋಟ ಎಂದರೆ ಅಡಿಕೆ, ತೆಂಗು, ಬಾಳೆ. ಸುತ್ತ ಬೇಲಿ ಇದ್ದೇ ಇರಬೇಕು. ಪಾರ್ಕ್ ಎಂದರೆ ಒಪ್ಪವಾಗಿ ಕತ್ತರಿಸಿದ ಗಿಡ, ಹೂವಿನ ಪಾತಿ, ಕಾರಂಜಿ. ಮುಸ್ಕಾವ್ ಇವೆರಡೂ ಅಲ್ಲ. ಅದು 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಲ್ಯಾಂಡ್‌ಸ್ಕೇಪ್ ಉದ್ಯಾನದ ಸಂತತಿ. ಮನುಷ್ಯ ಏನನ್ನೂ ಮುಟ್ಟಿಯೇ ಇಲ್ಲ ಅನ್ನಿಸಬೇಕು, ಆದರೆ ಎಲ್ಲವನ್ನೂ ಮುಟ್ಟಿರಬೇಕು. ವಿಸ್ತಾರ ಸುಮಾರು 560 ಹೆಕ್ಟೇರ್, ಅಂದರೆ ನಮ್ಮ 240 ಎಕರೆಯ ಲಾಲ್‌ಬಾಗ್‌ನ ಐದು ಪಟ್ಟಿಗೂ ಹೆಚ್ಚು.

ಇದನ್ನು ಕಟ್ಟಿದ ಹರ್ಮನ್ ಫಾನ್ ಪ್ಯೂಕ್ಲರ್ (1785–1871) ಸರಳ ಆಸಾಮಿಯಲ್ಲ. ಸೈನಿಕ, ಶೋಕಿಲಾಲ, ಅಲೆಮಾರಿ, ಬರಹಗಾರ, ಮೇಲಾಗಿ ಮಹಾ ಸಾಲಗಾರ. 1811ರಲ್ಲಿ ಅಪ್ಪ ತೀರಿಕೊಂಡಾಗ ಮುಸ್ಕಾವ್ ಜಹಗೀರು ಕೈಗೆ ಬಂತು. ಇಂಗ್ಲೆಂಡಿನ ಉದ್ಯಾನಗಳನ್ನು ನೋಡಿ ಮರಳಿದವನು 1815ರಲ್ಲಿ, ಉದ್ಯಾನಕ್ಕೆ ಬೇಕಾದ ಜಮೀನನ್ನು ತನಗೆ ಮಾರಬೇಕೆಂದು ಊರವರನ್ನು ಕೇಳಿಕೊಂಡ. ನದಿಯಿಂದ ಕಾಲುವೆ ತೋಡಿಸಿ ಅರಮನೆಯ ಸುತ್ತ ಕೆರೆ ತುಂಬಿಸಿದ. ಬೆಳೆದ ಮರಗಳನ್ನೇ ಬೇರು ಸಮೇತ ಕಿತ್ತು ತರಿಸಿ ತನಗೆ ಬೇಕಾದಲ್ಲಿ ನೆಡಿಸಿದ. ಸಸಿ ಬೆಳೆಯುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ.

ಹಣ ಬೇಗನೆ ಮುಗಿಯಿತು. 1817ರಲ್ಲಿ ಅವನ ಕೈಹಿಡಿದವಳು ಪ್ರಷ್ಯಾದ ಪ್ರಧಾನಿ ಹಾರ್ಡನ್‌ಬರ್ಗ್‌ನ ಮಗಳು ಲೂಸಿ. ಆಕೆಗೂ ಉದ್ಯಾನದ ಹುಚ್ಚು. ಕೊನೆಗೆ ಗಂಡ ಹೆಂಡತಿ ಕೂತು ಮಾಡಿದ ಉಪಾಯ ಕೇಳಿದರೆ ಇಂದಿನ ಧಾರಾವಾಹಿಯವರೂ ನಾಚಬೇಕು. 1826ರಲ್ಲಿ ವಿಚ್ಛೇದನ ಪಡೆದು, ಶ್ರೀಮಂತ ಇಂಗ್ಲಿಷ್ ಹುಡುಗಿಯನ್ನು ಮದುವೆಯಾಗಿ ಹಣ ತರಲೆಂದು ಅವನು ಇಂಗ್ಲೆಂಡಿಗೆ ಹೊರಟ. ಹೆಣ್ಣು ಸಿಗಲಿಲ್ಲ. ಆದರೆ ಅಲ್ಲಿಂದ ಲೂಸಿಗೆ ಬರೆದ ಪತ್ರಗಳು 1830ರಿಂದ ಪುಸ್ತಕವಾಗಿ ಬಂದು ಭರ್ಜರಿಯಾಗಿ ಮಾರಾಟವಾದವು. ಹೆಣ್ಣು ತರದ ಹಣವನ್ನು ಪುಸ್ತಕ ತಂದಿತು.

ಅವನ ಕಥೆಯಲ್ಲಿ ನಗು ನಿಲ್ಲುವ ಒಂದು ಜಾಗವೂ ಇದೆ. 1837ರಲ್ಲಿ ಕೈರೋದ ಗುಲಾಮರ ಸಂತೆಯಲ್ಲಿ ಇಥಿಯೋಪಿಯಾ ಕಡೆಯ ಎಳೆಯ ಹುಡುಗಿಯೊಬ್ಬಳನ್ನು ಕೊಂಡು, ಮಾಖ್‌ಬುಬಾ ಎಂದು ಕರೆದು ಜೊತೆಗೆ ತಂದ. ನಮ್ಮ ಕಡೆಯ ಮೆಹಬೂಬಾ ಕೂಡ ಇದೇ ಅರಬ್ಬಿ ಪದ, ಪ್ರೀತಿಪಾತ್ರಳು ಎಂದರ್ಥ. ಆಕೆ 1840ರಲ್ಲಿ ಮುಸ್ಕಾವ್‌ನಲ್ಲೇ ಕಾಯಿಲೆಯಿಂದ ಸತ್ತಳು. ಸಮಾಧಿ ಅಲ್ಲೇ ಇದೆ. ಉದ್ಯಾನದ ಚೆಲುವನ್ನು ಹೊಗಳುವವರು ಅಲ್ಲಿಗೂ ಹೋಗಿ ಬರುವುದು ಒಳ್ಳೆಯದು.

1845ರಲ್ಲಿ ಸಾಲ ತಾಳಲಾರದೆ ಪ್ಯೂಕ್ಲರ್ ಮುಸ್ಕಾವ್ ಮಾರಿ, ಕಾಟ್‌ಬುಸ್ ಬಳಿಯ ಬ್ರಾನಿಟ್ಸ್‌ಗೆ ಹೋಗಿ ಇನ್ನೊಂದು ಉದ್ಯಾನ ಶುರುಮಾಡಿದ. ಮುಸ್ಕಾವ್ ಕೈ ಬದಲಾಗುತ್ತಾ ಸಾಗಿತು. ನೂರು ವರ್ಷಗಳ ನಂತರ, ಎರಡನೇ ಮಹಾಯುದ್ಧದ ಕೊನೆಯ ವಾರಗಳಲ್ಲಿ ಅರಮನೆ ಸುಟ್ಟುಹೋಯಿತು, ಸೇತುವೆಗಳು ಮುರಿದುಬಿದ್ದವು. ಅದೇ 1945ರಲ್ಲಿ ಓಡರ್ ಮತ್ತು ನೈಸೆ ನದಿಗಳೇ ಜರ್ಮನಿ–ಪೋಲೆಂಡ್ ಗಡಿಯಾದವು. ಭೂಪಟದ ಮೇಲೆ ಗೆರೆ ಎಳೆದವರಿಗೆ ಅಲ್ಲೊಂದು ಉದ್ಯಾನವಿದೆ ಎಂಬುದು ಲೆಕ್ಕಕ್ಕೇ ಬರಲಿಲ್ಲ. 348 ಹೆಕ್ಟೇರ್ ಆಚೆಗೆ ಹೋಯಿತು. ಅರಮನೆ ಮತ್ತು ಉಳಿದ 212 ಹೆಕ್ಟೇರ್ ಈಚೆ ಉಳಿಯಿತು.

ಹೊಲವನ್ನು ಪಾಲು ಮಾಡಿದರೆ ಎರಡು ಹೊಲವಾಗುತ್ತವೆ. ಮುಸ್ಕಾವ್ ಹಾಗಲ್ಲ. ಪ್ಯೂಕ್ಲರ್ ಕಟ್ಟಿದ್ದು ಮರಗಳನ್ನಲ್ಲ, ನೋಟಗಳನ್ನು. ಅರಮನೆಯಿಂದ ನೋಡಿದರೆ ಹುಲ್ಲುಗಾವಲು, ನದಿ, ಅದರಾಚೆ ಏರುವ ದಿಬ್ಬ. ಆ ದಿಬ್ಬದಿಂದ ತಿರುಗಿ ನೋಡಿದರೆ ಮರಗಳ ಸಂದಿಯಲ್ಲಿ ಅರಮನೆಯ ಗೋಪುರ. ನದಿ ಈ ಚಿತ್ರದ ನಡುಭಾಗ, ಅಂಚಲ್ಲ. ಗಡಿಯನ್ನು ಅಲ್ಲಿ ಎಳೆದ ಮೇಲೆ ಯಾವ ಪಾಲಿನವರ ಬಳಿಯೂ ಉದ್ಯಾನ ಉಳಿಯಲಿಲ್ಲ. ಒಬ್ಬರ ಬಳಿ ಕಿಟಕಿ, ಇನ್ನೊಬ್ಬರ ಬಳಿ ದೃಶ್ಯ.

ಮನುಷ್ಯರೂ ಬದಲಾದರು. ಪೂರ್ವ ದಡದ ಜರ್ಮನ್ನರನ್ನು ಹೊರಹಾಕಲಾಯಿತು. ಅವರ ಜಾಗದಲ್ಲಿ ನೆಲೆನಿಂತ ಪೋಲಿಷರಲ್ಲಿ, ಸೋವಿಯತ್ ಒಕ್ಕೂಟದ ಪಾಲಾದ ಪೂರ್ವ ಸೀಮೆಗಳಲ್ಲಿ ಮನೆಮಠ ಕಳೆದುಕೊಂಡವರೂ ಇದ್ದರು. ಯುದ್ಧದಲ್ಲಿ ನಲುಗಿದವರಿಗೆ ಜರ್ಮನ್ ದೊರೆಯೊಬ್ಬನ ಉದ್ಯಾನ ನಮ್ಮದು ಅನ್ನಿಸುವುದಾದರೂ ಹೇಗೆ? ಆಚೆ ಭಾಗ ಅರಣ್ಯವಾಗಿ ಬೆಳೆಯಿತು. ನೋಟದ ದಾರಿಗಳನ್ನು ತಾವಾಗಿಯೇ ಹುಟ್ಟಿದ ಗಿಡಮರಗಳು ಮುಚ್ಚಿದವು.

ಅಚ್ಚರಿಯೆಂದರೆ, ಬರ್ಲಿನ್ ಗೋಡೆ ಬೀಳುವ ಮೊದಲೇ, 1980ರ ದಶಕದ ಕೊನೆಯಲ್ಲಿ, ಪೋಲೆಂಡ್ ಮತ್ತು ಪೂರ್ವ ಜರ್ಮನಿಯ ಸ್ಮಾರಕ ಸಂರಕ್ಷಣಾ ತಜ್ಞರು ಈ ಉದ್ಯಾನಕ್ಕಾಗಿ ಕೈಜೋಡಿಸಿದರು. ಅವರ ಮುಖ್ಯ ಆಯುಧ ಕೊಡಲಿ. ಪರಂಪರೆ ಉಳಿಸುವುದೆಂದರೆ ಗಿಡ ನೆಡುವುದು ಎಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲಿ ಯಾವ ಮರ ಯಾವ ನೋಟಕ್ಕೆ ಅಡ್ಡ ನಿಂತಿದೆ ಎಂದು ಹುಡುಕಿ ಕಡಿಯಬೇಕಿತ್ತು. ದಾರಿ ತೋರಿಸಲು ಪ್ಯೂಕ್ಲರ್ 1834ರಲ್ಲೇ ಪ್ರಕಟಿಸಿದ್ದ, ನಕ್ಷೆ-ಚಿತ್ರಗಳಿರುವ ಉದ್ಯಾನ ಶಾಸ್ತ್ರದ ಪುಸ್ತಕವಿತ್ತು. ಹಳೆಯ ಜೋಡಿ ಸೇತುವೆ 2003ರಲ್ಲಿ ಮತ್ತೆ ತೆರೆಯಿತು, ಇಂಗ್ಲಿಷ್ ಸೇತುವೆ 2011ರಲ್ಲಿ. ಸುಟ್ಟ ಅರಮನೆಯ ಪುನರ್ನಿರ್ಮಾಣ 2013ರ ಹೊತ್ತಿಗೆ ಮುಗಿಯಿತು.

2004ರ ಮೇ ತಿಂಗಳಲ್ಲಿ ಪೋಲೆಂಡ್ ಐರೋಪ್ಯ ಒಕ್ಕೂಟ ಸೇರಿತು. ಅದಾಗಿ ಎರಡು ತಿಂಗಳಿಗೆ ಯುನೆಸ್ಕೊ ಈ ಉದ್ಯಾನವನ್ನು ಎರಡೂ ದೇಶಗಳ ಹೆಸರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಭೆ ನಡೆದದ್ದು ಚೀನಾದ ಸುಝೌನಲ್ಲಿ. ಆ ಊರು ಹೆಸರುವಾಸಿಯಾಗಿರುವುದೂ ಉದ್ಯಾನಗಳಿಗೇ!

ಆದರೆ ಎಲ್ಲವೂ ಕಾವ್ಯಮಯವಾಗಿಲ್ಲ. ಪೋಲೆಂಡ್ ಕಡೆಯ ಊರು ವೆಂಕ್ನಿತ್ಸಾ ಹೆಸರಾಗಿರುವುದು ಉದ್ಯಾನಕ್ಕಿಂತ ಸಂತೆಗೆ. ಅಗ್ಗದ ಸಿಗರೇಟು, ಪೆಟ್ರೋಲು ಅರಸಿ ಜರ್ಮನ್ನರು ಬರುತ್ತಾರೆ. ಅಂಗಡಿಗಳ ಮುಂದೆ ಕೆಂಪು ಟೋಪಿಯ ಕುಳ್ಳ ಗೊಂಬೆಗಳ ಸಾಲು, ಜರ್ಮನರ ಮನೆಯಂಗಳದ ತೋಟಕ್ಕೆಂದು. ಪ್ಯೂಕ್ಲರ್ ನೋಡಿದ್ದರೆ ಏನನ್ನುತ್ತಿದ್ದನೋ. ಅವನ ಹೆಸರಿನದೇ ಒಂದು ಮೂರು ಪದರದ ಐಸ್‌ಕ್ರೀಮ್ ಜರ್ಮನಿಯಲ್ಲಿ ಜನಪ್ರಿಯ. ಉದ್ಯಾನ ಗೊತ್ತಿಲ್ಲದವರಿಗೂ ಅದು ಗೊತ್ತು.

ಬಾಡ್ ಮುಸ್ಕಾವ್ ಇಂದು ಸ್ಯಾಕ್ಸನಿ ರಾಜ್ಯಕ್ಕೆ ಸೇರಿದೆ. ಲಾಲ್‌ಬಾಗ್‌ನ ನೆನಪಿನಲ್ಲಿ ಅಳಿಯದೆ ಉಳಿದ ತೋಟಗಾರಿಕಾ ತಜ್ಞ ಗುಸ್ಟಾವ್ ಹರ್ಮನ್ ಕ್ರುಂಬಿಗಲ್ ಹುಟ್ಟಿದ ಲೋಮನ್ ಕೂಡ ಅದೇ ಸ್ಯಾಕ್ಸನಿಯಲ್ಲಿ, ಡ್ರೆಸ್ಡನ್ ಹತ್ತಿರ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಆ ಕಡೆ ಹೋಗಲು ಇದೊಂದು ನೆಪವಾದೀತು.

ಬರ್ಲಿನ್‌ನಿಂದ ಕಾಟ್‌ಬುಸ್ ಮಾರ್ಗವಾಗಿ ವೈಸ್‌ವಾಸರ್‌ವರೆಗೆ ರೈಲಿದೆ. ಅಲ್ಲಿಂದ ಮುಸ್ಕಾವ್ ಹತ್ತಿರ. ಉದ್ಯಾನಕ್ಕೆ ಟಿಕೆಟ್ ಇಲ್ಲ. 2007ರ ಡಿಸೆಂಬರ್‌ನಲ್ಲಿ ಗಡಿ ತಪಾಸಣೆ ನಿಂತಿತ್ತು. 2023ರ ಅಕ್ಟೋಬರ್‌ನಿಂದ ಜರ್ಮನಿ, 2025ರ ಜುಲೈನಿಂದ ಪೋಲೆಂಡ್ ಅದನ್ನು ಮತ್ತೆ ಆರಂಭಿಸಿವೆ. ಜೋಡಿ ಸೇತುವೆಯ ಮೇಲೆ ವಾಯುವಿಹಾರಕ್ಕೆ ಹೊರಟವರೂ ಪಾಸ್‌ಪೋರ್ಟ್ ಜೇಬಿನಲ್ಲಿ ಇಟ್ಟುಕೊಂಡಿರಲಿ.