ನಕಲಿನಲ್ಲಿ ವಿಳಾಸ ತಪ್ಪದಿರಲಿ

ನಮ್ಮ ಮಾದಾಪುರದಲ್ಲಿ ೧೯೯೮ರಲ್ಲಿ ಸೈಬರ್ ಟವರ್ಸ್ ತಲೆಯೆತ್ತಿದ ಮೇಲೆ ಕಂಪ್ಯೂಟರ್ ಎಂಬುದು ನಮ್ಮವರ ಮನೆಗಳಿಗೆ ನೆಂಟನಂತೆ ಬಂದು ನೆಲೆಸಿದೆ. ಕಚೇರಿಯ ಸಂಬಳದ ಪಟ್ಟಿಯಿರಲಿ, ಸಂಘದ ಚಂದಾ ಲೆಕ್ಕವಿರಲಿ, ತಿಂಗಳ ಮನೆಖರ್ಚಿರಲಿ, ಎಲ್ಲಕ್ಕೂ ಎಕ್ಸೆಲ್ ಹಾಳೆಯೇ ಆಸರೆ. ಆದರೆ ಈ ಹಾಳೆಯಲ್ಲಿ ಒಂದು ಕಡೆ ಬರೆದ ಸೂತ್ರವನ್ನು ಇನ್ನೊಂದು ಕಡೆಗೆ ನಕಲು ಮಾಡುವಾಗ ಒಂದು ಎಚ್ಚರಿಕೆ ಅವಶ್ಯ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಿಂದಿನ ಶಾನುಭೋಗರ ಬರವಣಿಗೆಯಲ್ಲಿ 'ಸದರಿ' ಎಂಬ ಮಾತು ಪದೇ ಪದೇ ಬರುತ್ತಿತ್ತು. ಸದರಿ ಜಮೀನು ಎಂದರೆ ಮೇಲೆ ಹೇಳಿದ ಜಮೀನು. ಆ ಸಾಲನ್ನಷ್ಟೇ ಎತ್ತಿ ಬೇರೆ ಪತ್ರದಲ್ಲಿ ಬರೆದರೆ ಅಲ್ಲಿ ಬೇರೊಂದು ಜಮೀನೇ 'ಸದರಿ' ಆಗಿಬಿಡುತ್ತದೆ! ಎಕ್ಸೆಲ್ ಸೂತ್ರದ ಸ್ವಭಾವವೂ ಹೀಗೆಯೇ. ಸಿ೨ ಎಂಬ ಮನೆಯಲ್ಲಿ ಕುಳಿತು ಬಿ೨ ಎಂದು ಬರೆದರೆ, ಯಂತ್ರವು ಅದನ್ನು 'ಎಡಗಡೆಯ ಪಕ್ಕದ ಮನೆ' ಎಂದೇ ತಿಳಿಯುತ್ತದೆ. ಒಂದು ಸಾಲು ಕೆಳಗೆ ನಕಲಿಸಿದರೆ ಅದು ಬಿ೩ ಆಗುತ್ತದೆ. ಇದು ದೋಷವಲ್ಲ, ಗುಣ. ನೂರು ಜನರ ಲೆಕ್ಕಕ್ಕೆ ಒಂದೇ ಸೂತ್ರ ಸಾಕಾಗುವುದು ಇದರಿಂದಲೇ.

ಆದರೆ ಎಲ್ಲವೂ ಸರಿಯಬಾರದು. ಜಿ೧ರಲ್ಲಿ ತುಟ್ಟಿಭತ್ಯೆಯ ದರ ಶೇಕಡ ೫೦, ಅದರ ಕೆಳಗೆ ಜಿ೨ರಲ್ಲಿ ಮನೆ ಬಾಡಿಗೆ ಭತ್ಯೆಯ ದರ ಶೇಕಡ ೩೦ ಇದೆಯೆನ್ನೋಣ. ಮೊದಲ ನೌಕರರಿಗೆ =ಬಿ೨*ಜಿ೧ ಎಂದು ಬರೆದು ಕೆಳಕ್ಕೆ ನಕಲಿಸಿದರೆ, ಎರಡನೆಯವರ ಸೂತ್ರ =ಬಿ೩*ಜಿ೨ ಆಗುತ್ತದೆ. ಮೂಲ ವೇತನ ೩೦,೦೦೦ ರೂಪಾಯಿ ಇರುವ ಅವರಿಗೆ ೧೫,೦೦೦ದ ಬದಲು ೯,೦೦೦ ಬರುತ್ತದೆ. ಮೂರನೆಯವರಿಗೆ ಸೊನ್ನೆ! ಸೊನ್ನೆಯಾದರೆ ಕಣ್ಣಿಗೆ ಬೀಳುತ್ತದೆ. ೯,೦೦೦ ಎಂಬುದು ಸರಿಯಾದ ಲೆಕ್ಕದ ವೇಷ ತೊಟ್ಟು ಕುಳಿತಿರುತ್ತದೆ. ಬಾಡಿಗೆ, ಶಾಲೆಯ ಶುಲ್ಕ, ಊರಿಗೆ ಕಳಿಸುವ ಹಣ ಎಂದು ಲೆಕ್ಕ ಹಾಕಿ ಬದುಕುವ ಸಂಸಾರಕ್ಕೆ ಈ ೬,೦೦೦ ರೂಪಾಯಿ ಸಣ್ಣದೇನಲ್ಲ.

ಇದಕ್ಕೆ ಪರಿಹಾರ ಸುಲಭ. ಸೂತ್ರ ಬರೆಯುವಾಗ ಜಿ೧ರ ಮೇಲೆ ಕರ್ಸರ್ ಇಟ್ಟು ಎಫ್೪ ಕೀಲಿ ಒತ್ತಿದರೆ ಅದು $ಜಿ$೧ ಆಗುತ್ತದೆ. ಈ ಡಾಲರ್ ಗುರುತು ಬಾಗಿಲಿಗೆ ಹಾಕಿದ ಚಿಲಕವಿದ್ದಂತೆ. ಎಲ್ಲಿಗೆ ನಕಲಿಸಿದರೂ ವಿಳಾಸ ಕದಲದು. ತುಟ್ಟಿಭತ್ಯೆಯ ದರ ಏರಿದಾಗ ಆ ಒಂದೇ ಮನೆಯನ್ನು ತಿದ್ದಿದರೆ ಇಡೀ ಪಟ್ಟಿ ತಾನಾಗಿ ತಿದ್ದಿಕೊಳ್ಳುತ್ತದೆ.

ಸೂತ್ರವನ್ನು ಇದ್ದಂತೆಯೇ ಬೇರೆಡೆ ಇಡಬೇಕಾದರೆ ಇನ್ನೆರಡು ಉಪಾಯಗಳುಂಟು. ಒಂದೇ ಸೂತ್ರವಾದರೆ, ಹಾಳೆಯ ಮೇಲಿನ ಸೂತ್ರದ ಪಟ್ಟಿಯಲ್ಲಿರುವ ಬರಹವನ್ನು ನಕಲು ಮಾಡಿ, ಎಸ್ಕೇಪ್ ಒತ್ತಿ, ಹೊಸ ಮನೆಯಲ್ಲಿ ಅಂಟಿಸಬೇಕು. ಹಲವಾರು ಸೂತ್ರಗಳಿದ್ದರೆ, ಅವುಗಳನ್ನು ಆಯ್ದು, ಹುಡುಕಿ ಬದಲಿಸುವ ಸೌಲಭ್ಯದಿಂದ = ಚಿಹ್ನೆಯ ಜಾಗದಲ್ಲಿ ಹಾಳೆಯಲ್ಲೆಲ್ಲೂ ಇಲ್ಲದ # ನಂಥ ಗುರುತು ಹಾಕಬೇಕು. ಆಗ ಸೂತ್ರವು ಬರಿಯ ಬರಹವಾಗುತ್ತದೆ. ನಕಲಿಸಿದ ಮೇಲೆ ಎರಡೂ ಕಡೆ # ತೆಗೆದು = ಹಾಕಿದರಾಯಿತು.

೧೯೭೯ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರಚಿಸಿದ ವಿಸಿಕ್ಯಾಲ್ಕ್, ನಕಲು ಮಾಡುವಾಗ ಪ್ರತಿಯೊಂದು ವಿಳಾಸಕ್ಕೂ 'ಇದು ಬದಲಾಗಬೇಕೇ, ಹಾಗೆಯೇ ಇರಬೇಕೇ?' ಎಂದು ಕೇಳುತ್ತಿತ್ತು. ಇಂದಿನ ಎಕ್ಸೆಲ್ ಕೇಳುವುದಿಲ್ಲ. ಕೇಳುವ ಹೊಣೆ ನಮ್ಮ ಮೇಲೆಯೇ ಬಿದ್ದಿದೆ. ಕತ್ತರಿಸಿ ಅಂಟಿಸುವುದರಲ್ಲಿ ಸಾಲುಗಳು ಹೊಂದದೆ ಹೋದುದರಿಂದ ಕೆನಡಾದ ಟ್ರಾನ್ಸ್‌ಆಲ್ಟಾ ವಿದ್ಯುತ್ ಕಂಪನಿಗೆ ೨೦೦೩ರಲ್ಲಿ ಎರಡು ಕೋಟಿ ನಲವತ್ತು ಲಕ್ಷ ಅಮೆರಿಕನ್ ಡಾಲರ್ ನಷ್ಟವಾಯಿತು. ಅಂಥ ದೊಡ್ಡ ಸಂಸ್ಥೆ ಅದನ್ನು ತಡೆದುಕೊಂಡೀತು. ತಿಂಗಳ ಸಂಬಳವನ್ನೇ ನಂಬಿದವರ ಪಾಡು ಹಾಗಲ್ಲ.

ಆದ್ದರಿಂದ ನಕಲು ಮುಗಿದೊಡನೆ ಮೊದಲನೆಯ, ನಡುವಿನ, ಕೊನೆಯ ಸಾಲುಗಳಲ್ಲಿ ಎಫ್೨ ಒತ್ತಿ, ಸೂತ್ರವು ಯಾವ ಯಾವ ಮನೆಗೆ ಕೈಚಾಚಿದೆಯೆಂದು ನೋಡೋಣ. ಕೊನೆಯ ಸಾಲಿನವರ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಕೈಯಿಂದ ಮಾಡೋಣ. ಎರಡು ನಿಮಿಷದ ಕೆಲಸವಿದು. ಆ ಕೊನೆಯ ಸಾಲಿನಲ್ಲಿರುವವರೂ ಒಂದು ಸಂಸಾರದ ಯಜಮಾನರೆಂಬುದನ್ನು ನೆನಪಿನಲ್ಲಿಟ್ಟರೆ, ಆ ಎರಡು ನಿಮಿಷ ಎಂದಿಗೂ ದುಬಾರಿಯೆನಿಸದು.