ಕ್ರಿಸ್ತಜಯಂತಿಯ ಕೃತಜ್ಞತೆ

ಕೃತಜ್ಞತೆ ಎಂಬ ಮಾತನ್ನು ನಾವು ಈಚೆಗೆ ಸಭೆಯ ಕೊನೆಯ ವಂದನಾರ್ಪಣೆಗೆ ಮೀಸಲಾಗಿಟ್ಟುಬಿಟ್ಟಿದ್ದೇವೆ. ಅದರ ಮೂಲಾರ್ಥ ಅಷ್ಟು ಸಣ್ಣದಲ್ಲ. ಮಾಡಿದುದನ್ನು ಅರಿತವನು ಕೃತಜ್ಞ. ಕೊಟ್ಟುದಕ್ಕೆ ಬದಲು ಕೊಡುವುದು ಸಾಲ ತೀರಿಸುವ ವ್ಯವಹಾರ. ಅದರ ಮಾತು ಬೇರೆ. ಯೇಸುವಿನ ಜನನಕ್ಕಾಗಿ ಕ್ರೈಸ್ತರು ಡಿಸೆಂಬರ್ 25ರಂದು ದೇವರಿಗೆ ಸಲ್ಲಿಸುವ ಕೃತಜ್ಞತೆ ಈ ಅರಿವಿನ ಜಾತಿಯದು.

ಇದನ್ನು ತಿಳಿಯುವುದಕ್ಕೆ ಬಹುದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಸೀಮೆಯ ಅಕ್ಕೂರಿನಂತಹ ಊರುಗಳಲ್ಲಿ ಆ ವೇಳೆಗೆ ರಾಗಿಯ ಕೊಯ್ಲು ಮುಗಿದು ಹುಲ್ಲು ಮೆದೆಯಾಗುವ ಕಾಲ. ಇನ್ನು ಮೂರು ವಾರಕ್ಕೆ ಸಂಕ್ರಾಂತಿ. ಅಂದು ಒಕ್ಕಲುಮಕ್ಕಳು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವರು. ವರ್ಷವೆಲ್ಲ ನೀನು ಮಾಡಿದುದನ್ನು ಬಲ್ಲೆವು ಎಂದು ಎತ್ತಿಗೆ ಹೇಳುವ ರೀತಿ ಅದು. ಅದೇ ಸೀಮೆಯ ಕನಕಪುರ ತಾಲ್ಲೂಕಿನಲ್ಲಿ, ಅರ್ಕಾವತಿಯ ಕಣಿವೆಯಲ್ಲಿರುವ ಹಾರೋಬೆಲೆ ಕಥೋಲಿಕ ಕ್ರೈಸ್ತರೇ ಹೆಚ್ಚಾಗಿರುವ ಊರು. ಅಲ್ಲಿಯ ರೈತನಿಗೆ ಗೋದಲಿ ಎಂದರೇನೆಂದು ಯಾವ ಪಾದ್ರಿಯೂ ವಿವರಿಸಬೇಕಾದುದಿಲ್ಲ. ಪಟ್ಟಣದಲ್ಲಿರುವ ನಮಗೆ ವಿವರಿಸಬೇಕಾದೀತು. ಅದು ದನಕ್ಕೆ ಮೇವು ಹಾಕುವ ತೊಟ್ಟಿ. ಛತ್ರದಲ್ಲಿ ಸ್ಥಳ ಸಿಕ್ಕದೆ ಮರಿಯಳು ತನ್ನ ಕೂಸನ್ನು ಮಲಗಿಸಿದುದು ಅದರಲ್ಲಿಯೇ ಎಂದು ಲೂಕನ ಸುವಾರ್ತೆ ಹೇಳುತ್ತದೆ.

ಆ ದೃಶ್ಯವನ್ನು ಜನರ ಕಣ್ಣಿಗೆ ಕಟ್ಟಿಸಿದವನು ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರ ಕ್ರಿಸ್ತಜಯಂತಿಯಂದು ಇಟಲಿಯ ಗ್ರೆಚ್ಚೊ ಎಂಬಲ್ಲಿ ಅವನು ಗೋದಲಿ, ಹುಲ್ಲು, ಜೀವಂತವಾದ ಎತ್ತು ಕತ್ತೆಗಳನ್ನು ತರಿಸಿ ಪೂಜೆಯನ್ನು ನಡೆಯಿಸಿದನು. ಇಲ್ಲಿ ಒಂದು ಸ್ವಾರಸ್ಯವುಂಟು. ಲೂಕನ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವು ಬಂದುದು ಶತಮಾನಗಳಷ್ಟು ಹಿಂದಿನ ಯೆಶಾಯನ ಗ್ರಂಥದಿಂದ. ಈ ಪ್ರಾಣಿಗಳಿಗೆ ತಮ್ಮ ಒಡೆಯನ ಗುರುತುಂಟು, ಮನುಷ್ಯರಿಗೆ ಅಷ್ಟೂ ಇಲ್ಲವೆಂಬುದು ಆ ಪ್ರವಾದಿಯ ಕೊರಗು. ಹೀಗೆ ಗೋದಲಿಯ ಬಳಿ ನಿಂತಿರುವ ಮೂಕಪ್ರಾಣಿಗಳೇ ಮೊದಲ ಕೃತಜ್ಞರು. ನೋಡಬಂದವನಿಗೆ ಅವು ಕೊಂಚ ನಾಚಿಕೆಯನ್ನೂ ಹುಟ್ಟಿಸಬೇಕು.

ಅರಿಯಬೇಕಾದುದೇನು? ದೇವರು ತಾನೇ ಬಂದನು ಎಂಬುದು. ಅವತಾರದ ಕಥೆಗಳನ್ನು ಕೇಳಿ ಬೆಳೆದ ನಮ್ಮ ಜನಕ್ಕೆ ಇದು ಹೊಸತೆನಿಸದು. ಆದರೆ ಕ್ರೈಸ್ತರ ನಂಬಿಕೆಯಂತೆ ಬಂದುದು ಒಂದೇ ಸಲ. ಬಂದವನಿಗೆ ಹಸಿವು, ನೋವು, ಮರಣ ಯಾವುದೂ ತಪ್ಪಲಿಲ್ಲ. ಆದುದರಿಂದ ಈ ಕೃತಜ್ಞತೆಗೆ ಬೆಳೆ ಬಂದ ವರ್ಷಕ್ಕೊಂದು, ಬರದ ವರ್ಷಕ್ಕೊಂದು ಅಳತೆಯಿಲ್ಲ. ನಡುರಾತ್ರಿ ಕಥೋಲಿಕರು ಸಲ್ಲಿಸುವ ಬಲಿಪೂಜೆಗೆ ಯೂಕರಿಸ್ಟ್ ಎಂದೂ ಹೆಸರು. ಆ ಗ್ರೀಕ್ ಪದದ ಅರ್ಥವೇ ಕೃತಜ್ಞತಾಸಮರ್ಪಣೆ. ಅಲ್ಲಿ ಹಂಚುವ ರೊಟ್ಟಿಯನ್ನು ಕನ್ನಡಿಗರು ಪರಮಪ್ರಸಾದವೆಂದು ಕರೆದರು. ಸಮರ್ಪಿಸಿದುದೇ ಅನುಗ್ರಹವಾಗಿ ಕೈಗೆ ಮರಳುವುದೆಂಬ ಭಾವವನ್ನು ಗ್ರೀಕಿಗಿಂತ ನಮ್ಮ ಮಾತೇ ಚೆನ್ನಾಗಿ ಹಿಡಿದಿದೆ ಎಂದು ನಮಗೆ ತೋರುತ್ತದೆ.

ಆದರೂ ಕೂಸನ್ನು ಕಳೆದುಕೊಂಡ ತಾಯಿ ಆ ರಾತ್ರಿ ಯಾವ ಬಾಯಿಂದ ಕೃತಜ್ಞತೆ ಹೇಳಿಯಾಳು? ಕ್ರೈಸ್ತ ಧರ್ಮಸಭೆ ಈ ಪ್ರಶ್ನೆಯನ್ನು ಮರೆಮಾಚಿಲ್ಲ. ಹೆರೋದ ರಾಜನು ಬೆತ್ಲೆಹೇಮಿನಲ್ಲಿ ಕೊಲ್ಲಿಸಿದನೆಂದು ಮತ್ತಾಯನು ಹೇಳುವ ಹಸುಗೂಸುಗಳ ಸ್ಮರಣೆಯನ್ನು ಅದು ಡಿಸೆಂಬರ್ 28ರಂದು, ಜಯಂತಿಯ ವಾರದೊಳಗೇ ಇರಿಸಿದೆ. ಅಂದು ಗೋದಲಿಯನ್ನು ತೆಗೆದಿಡುವುದಿಲ್ಲ. ಸಂಪ್ರದಾಯದಂತೆ ಜನವರಿ 6ರಂದು ಮೂಡಣ ದೇಶದ ಜ್ಞಾನಿಗಳು ಕಾಣಿಕೆಯೊಡನೆ ಬರುವವರೆಗೂ ಎತ್ತು ಕತ್ತೆಗಳು ಕೂಸಿನ ಬಳಿಯಲ್ಲಿಯೇ ಇರುತ್ತವೆ. ಆ ಕಾಣಿಕೆಗಳಲ್ಲಿ ಚಿನ್ನ ಮತ್ತು ಧೂಪದೊಡನೆ ಮೂರನೆಯದು ರಕ್ತಬೋಳ, ಅಂದಿನ ಯೆಹೂದ್ಯರು ಸತ್ತವರ ದೇಹಕ್ಕೆ ಬಳಸುತ್ತಿದ್ದ ಸುಗಂಧದ್ರವ್ಯ.